ಹೃದಯ ಸ್ನಾಯು ದಪ್ಪಗಾಗುವ ಆನುವಂಶಿಕ ರೋಗ: ಔಷಧ ಕ್ರಮ ಮತ್ತು ಮನೆಮಂದಿಯ ತಪಾಸಣೆ

ಹೃದಯದ ಕಾಯಿಲೆ ಎಂದೊಡನೆ ನಮ್ಮ ಭಾಗದ ಜನರಿಗೆ ನೆನಪಾಗುವುದು ಮೂರು ಸಂಗತಿಗಳು: ಹುಟ್ಟಿನಿಂದಲೇ ಹೃದಯದಲ್ಲಿರುವ ರಂಧ್ರ, ಬಾಲ್ಯದ ಕೀಲುವಾತ ಜ್ವರದಿಂದ ಕೆಡುವ ಕವಾಟ, ನಡುವಯಸ್ಸಿನಲ್ಲಿ ರಕ್ತನಾಳ ಕಟ್ಟಿಕೊಂಡು ಬರುವ ಹೃದಯಾಘಾತ. ಇವುಗಳಿಗಿಂತ ಬೇರೆಯಾದ ನಾಲ್ಕನೆಯದೊಂದು ಉಂಟು. ಅದರಲ್ಲಿ ರಂಧ್ರವಿಲ್ಲ, ರಕ್ತನಾಳದಲ್ಲಿ ತಡೆಯಿಲ್ಲ. ಹೃದಯದ ಸ್ನಾಯುವೇ ಅಗತ್ಯಕ್ಕಿಂತ ದಪ್ಪಗಾಗಿರುತ್ತದೆ. ವೈದ್ಯರು ಇದನ್ನು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ ಎಂದೂ ಚೀಟಿಯ ಮೇಲೆ ಚಿಕ್ಕದಾಗಿ ಎಚ್‌ಸಿಎಂ ಎಂದೂ ಬರೆಯುತ್ತಾರೆ. ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ರೋಗ.

ನಾರಾಯಣಪೇಟೆ, ಮಖ್ತಲ್, ಗದ್ವಾಲ ಭಾಗದ ಕನ್ನಡ ಕುಟುಂಬಗಳು ಈ ರೋಗದ ಬಗ್ಗೆ ತಿಳಿದಿರಬೇಕಾದುದಕ್ಕೆ ವಿಶೇಷ ಕಾರಣವಿದೆ. ಮಹಬೂಬ್‌ನಗರ, ಹೈದರಾಬಾದ್ ಒಂದು ದಿಕ್ಕಿಗೆ. ರಾಯಚೂರು, ಕಲಬುರಗಿ ಇನ್ನೊಂದು ದಿಕ್ಕಿಗೆ. ಗದ್ವಾಲದವರಿಗೆ ಕರ್ನೂಲು ಮತ್ತೊಂದು ದಿಕ್ಕಿಗೆ. ಬಂಧುಗಳಿರುವ ಊರು, ಬಸ್ಸಿನ ಅನುಕೂಲ, ಕೈಯಲ್ಲಿರುವ ಕಾರ್ಡು ನೋಡಿಕೊಂಡು ಒಂದೇ ಮನೆಯವರು ಮೂರು ರಾಜ್ಯಗಳ ವೈದ್ಯರನ್ನು ಕಾಣುವುದು ಇಲ್ಲಿ ಸಾಮಾನ್ಯ. ಬೇರೆ ಹೃದಯ ರೋಗಗಳಿಗೆ ಹಿತವಾದ ಕೆಲವು ಔಷಧಗಳು ಈ ರೋಗದಲ್ಲಿ ಅಹಿತವಾಗುತ್ತವೆ. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಹೋದರೆ ಅಪಾಯ ರೋಗಿಗೆ. ಆದಕಾರಣ ರೋಗದ ಹೆಸರು, ಔಷಧದ ಹೆಸರು, ಮನೆಯಲ್ಲಿ ಯಾರ ತಪಾಸಣೆ ಆಗಿದೆ ಎಂಬ ಮೂರು ವಿಷಯಗಳು ರೋಗಿಯ ಜೊತೆಗೇ ಪ್ರಯಾಣ ಮಾಡಬೇಕು.

ರೋಗದ ಸ್ವರೂಪ

ಹೃದಯದ ನಾಲ್ಕು ಕೋಣೆಗಳಲ್ಲಿ ಎಡ ಹೃತ್ಕುಕ್ಷಿಯು ಇಡೀ ಶರೀರಕ್ಕೆ ರಕ್ತವನ್ನು ದೂಡುತ್ತದೆ. ವಯಸ್ಕರಲ್ಲಿ ಇದರ ಗೋಡೆಯ ದಪ್ಪ ಸಾಮಾನ್ಯವಾಗಿ 12 ಮಿ.ಮೀ. ಮೀರುವುದಿಲ್ಲ. ಹೆಚ್ಚು ರಕ್ತದೊತ್ತಡ, ಕವಾಟದ ತೊಂದರೆ ಮುಂತಾದ ಬೇರೆ ಕಾರಣವಿಲ್ಲದೆ ಗೋಡೆಯು 15 ಮಿ.ಮೀ. ಅಥವಾ ಹೆಚ್ಚು ದಪ್ಪವಾಗಿದ್ದರೆ ಈ ರೋಗವೆಂದು ಪರಿಗಣಿಸುತ್ತಾರೆ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ರೋಗ ಖಚಿತವಾಗಿದ್ದರೆ 13 ಮಿ.ಮೀ. ಇದ್ದರೂ ಸಾಕು. ಮಕ್ಕಳಲ್ಲಿ ವಯಸ್ಸು ಮತ್ತು ಮೈಗಾತ್ರಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ.

ಎಡ ಮತ್ತು ಬಲ ಹೃತ್ಕುಕ್ಷಿಗಳ ನಡುವಣ ಗೋಡೆಯೇ ಹೆಚ್ಚಾಗಿ ದಪ್ಪಗಾಗುತ್ತದೆ. ಈ ನಡುಗೋಡೆ ಉಬ್ಬಿ, ಮೈಟ್ರಲ್ ಕವಾಟದ ಒಂದು ದಳವು ಅದರ ಕಡೆಗೆ ಸೆಳೆಯಲ್ಪಟ್ಟಾಗ ರಕ್ತವು ಮಹಾಪಧಮನಿಗೆ ಹೋಗುವ ದಾರಿ ಕಿರಿದಾಗುತ್ತದೆ. ಹೀಗೆ ದಾರಿ ಕಿರಿದಾದುದನ್ನು ತಡೆಯುಳ್ಳ ರೋಗ ಎನ್ನುತ್ತಾರೆ. ದಾರಿ ಸಲೀಸಾಗಿದ್ದರೆ ತಡೆಯಿಲ್ಲದ ರೋಗ. ಎಕೋ ಪರೀಕ್ಷೆಯಲ್ಲಿ ಆ ದಾರಿಯ ಎರಡು ಬದಿಗಳ ಒತ್ತಡದ ವ್ಯತ್ಯಾಸ 30 ಅಥವಾ ಹೆಚ್ಚು ಇದ್ದರೆ ತಡೆಯಿದೆ ಎಂದು ಅರ್ಥ. ವಿಶ್ರಾಂತಿಯಲ್ಲಿ ಕಾಣದ ತಡೆ ಕೆಲವರಲ್ಲಿ ಉಸಿರು ಬಿಗಿಹಿಡಿದು ಮುಕ್ಕಿದಾಗ ಅಥವಾ ನಡೆದಾಗ ಕಾಣಿಸಿಕೊಳ್ಳುತ್ತದೆ. ಔಷಧದ ಆಯ್ಕೆಗೆಲ್ಲ ಈ ವಿಭಜನೆಯೇ ಅಡಿಗಲ್ಲು.

ಈ ರೋಗವನ್ನು ಆಧುನಿಕ ವೈದ್ಯಶಾಸ್ತ್ರಕ್ಕೆ ಸ್ಪಷ್ಟವಾಗಿ ಪರಿಚಯಿಸಿದವರು ಲಂಡನ್ನಿನ ಡೊನಾಲ್ಡ್ ಟಿಯರ್. ಅವರು 1958ರಲ್ಲಿ ಎಂಟು ಮಂದಿಯ ಹೃದಯಗಳನ್ನು ವರ್ಣಿಸಿ ಬರೆದ ಲೇಖನವೇ ಮುಂದಿನ ಅಧ್ಯಯನಗಳಿಗೆ ಮೊದಲಾಯಿತು. ಸ್ನಾಯುವಿನ ಪ್ರೋಟೀನನ್ನು ರೂಪಿಸುವ ಜೀನುಗಳಲ್ಲಿನ ದೋಷವೇ ಇದಕ್ಕೆ ಕಾರಣ ಎಂಬುದು 1990ರಲ್ಲಿ ತಿಳಿದುಬಂತು. ಸುಮಾರು 500 ಮಂದಿಯಲ್ಲಿ ಒಬ್ಬರಿಗೆ ಈ ರೋಗವಿರುವುದೆಂದು ಅಮೆರಿಕದ ಯುವಜನರ ಎಕೋ ಅಧ್ಯಯನವು 1995ರಲ್ಲಿ ತೋರಿಸಿತು. ಎಂದರೆ ಇದು ಎಲ್ಲೋ ಒಬ್ಬರಿಗೆ ಬರುವ ಅಪರೂಪದ ರೋಗವಲ್ಲ. ಆದರೆ ಬಹಳ ಮಂದಿಗೆ ಲಕ್ಷಣಗಳೇ ಇರುವುದಿಲ್ಲವಾದ್ದರಿಂದ ಅದು ಗೊತ್ತಾಗದೆ ಉಳಿಯುತ್ತದೆ.

ಹೈದರಾಬಾದಿನಲ್ಲಿ ನಡೆದ ಸಂಶೋಧನೆ

ಭಾರತೀಯರ ಹೃದಯ ಸ್ನಾಯು ರೋಗದ ಬಗೆಗಿನ ಒಂದು ಮುಖ್ಯ ಸಂಶೋಧನೆ ನಮ್ಮ ರಾಜಧಾನಿಯಲ್ಲಿಯೇ ನಡೆದಿದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ, ಅಂದರೆ ಸಿಸಿಎಂಬಿಯ, ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು 2009ರಲ್ಲಿ ತಮ್ಮ ಅಧ್ಯಯನವನ್ನು ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳಷ್ಟು ಭಾಗ ಕಾಣೆಯಾಗಿರುವುದು ಭಾರತೀಯರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿ ಕಂಡುಬರುತ್ತದೆಂದೂ, ಹೃದಯ ಸ್ನಾಯು ರೋಗವುಳ್ಳವರಲ್ಲಿ ಅದು ಇನ್ನೂ ಹೆಚ್ಚೆಂದೂ ಅದರಲ್ಲಿ ತಿಳಿಸಿದರು.

ಈ ಸುದ್ದಿಯನ್ನು ಓದಿ ಹೆದರಬೇಕಾಗಿಲ್ಲ. ಆ ಭಾಗ ಕಾಣೆಯಾಗಿರುವ ಎಲ್ಲರಿಗೂ ರೋಗ ಬರುವುದಿಲ್ಲ. 2020ರಲ್ಲಿ ಪ್ರಕಟವಾದ ಮರುಪರಿಶೀಲನೆಯಂತೆ, ಅವರಲ್ಲಿ ಒಂದು ಚಿಕ್ಕ ಪಾಲಿನವರಿಗೆ ಮಾತ್ರ ಅದೇ ಜೀನಿನಲ್ಲಿ ಇನ್ನೊಂದು ಬದಲಾವಣೆಯೂ ಇರುತ್ತದೆ. ಸ್ನಾಯು ದಪ್ಪಗಾಗುವ ಅಪಾಯ ಹೆಚ್ಚಾಗಿ ಅದರಿಂದ ಬರುವುದು. ಹೀಗಾಗಿ ಜೀನ್ ಪರೀಕ್ಷೆಯ ವರದಿಯನ್ನು ಬಲ್ಲ ವೈದ್ಯರಿಂದ ಓದಿಸದೆ ತಾವೇ ತೀರ್ಮಾನಕ್ಕೆ ಬರಬಾರದು.

ಲಕ್ಷಣ ಮತ್ತು ಪತ್ತೆ

ಮೆಟ್ಟಿಲು ಹತ್ತುವಾಗ ದಮ್ಮು, ಶ್ರಮದ ವೇಳೆ ಎದೆನೋವು, ಎದೆ ಡವಗುಟ್ಟುವುದು, ತಲೆ ಸುತ್ತು, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಊಟವಾದ ಮೇಲೆ ಅಥವಾ ಬಿಸಿಲಿನಲ್ಲಿ ದುಡಿದು ಬೆವರು ಸುರಿದ ಮೇಲೆ ಇವು ಹೆಚ್ಚಾಗುವುದುಂಟು. ಪೋಷಕರು ಮತ್ತು ಶಿಕ್ಷಕರು ಅತಿ ಮುಖ್ಯವಾಗಿ ಗಮನಿಸಬೇಕಾದದ್ದು, ಓಡುತ್ತಿರುವಾಗ ಅಥವಾ ಆಡುತ್ತಿರುವಾಗ ಮಗು ಪ್ರಜ್ಞೆ ತಪ್ಪಿ ಬೀಳುವುದನ್ನು. ಇದನ್ನು ಬಿಸಿಲು ತಾಗಿದೆ, ಉಪವಾಸವಿತ್ತು, ಫಿಟ್ಸ್ ಬಂದಿದೆ, ಗಾಳಿ ಸೋಕಿದೆ ಎಂದು ಬಿಟ್ಟುಬಿಡುವ ಸಂಭವವಿದೆ. ಆಟದ ನಡುವೆ ಬಂದ ಮೂರ್ಛೆಗೆ ಇಸಿಜಿ ಮತ್ತು ಎಕೋ ಮಾಡಿಸದೆ ಬೇರೆ ಕಾರಣ ಹೇಳಬಾರದು.

ಇಸಿಜಿಯು ಅನುಮಾನ ಹುಟ್ಟಿಸುತ್ತದೆ, ಎಕೋ ಪರೀಕ್ಷೆಯು ಖಚಿತಪಡಿಸುತ್ತದೆ. ಗೋಡೆಯ ಗಾಯದ ಅಂಶವನ್ನು ತಿಳಿಯಲು ಹೃದಯದ ಎಂಆರ್‌ಐ, ನಾಡಿಯ ಲಯವನ್ನು ಒಂದೆರಡು ದಿನ ದಾಖಲಿಸಲು ಹೋಲ್ಟರ್ ಎಂಬ ಯಂತ್ರವನ್ನು ಬಳಸುತ್ತಾರೆ.

ಔಷಧ ಕ್ರಮ: ಮೊದಲ ಮೆಟ್ಟಿಲು

ಈಗಾಗಲೇ ಬಳಕೆಯಲ್ಲಿರುವ ಹಳೆಯ ಔಷಧಗಳು ದಪ್ಪಗಾದ ಸ್ನಾಯುವನ್ನು ತೆಳ್ಳಗೆ ಮಾಡುವುದಿಲ್ಲ. ಅವು ಹೃದಯದ ಬಡಿತವನ್ನು ನಿಧಾನಗೊಳಿಸಿ, ಅದರ ಬಿರುಸನ್ನು ತಗ್ಗಿಸಿ, ಕೋಣೆಯಲ್ಲಿ ರಕ್ತ ತುಂಬಿಕೊಳ್ಳಲು ಸಮಯ ಕೊಡುತ್ತವೆ. ಕೋಣೆ ತುಂಬಿದಷ್ಟೂ ನಡುಗೋಡೆ ಮತ್ತು ಕವಾಟದ ನಡುವಣ ದಾರಿ ಅಗಲವಾಗಿರುತ್ತದೆ. ಲಕ್ಷಣಗಳನ್ನು ಕಡಿಮೆ ಮಾಡುವುದು ಇವುಗಳ ಉದ್ದೇಶ. ಲಕ್ಷಣವೇ ಇಲ್ಲದವರಿಗೆ ಔಷಧ ಕಡ್ಡಾಯವಲ್ಲ. ಅವರಿಗೆ ನಿಯಮಿತ ತಪಾಸಣೆಯೇ ಮುಖ್ಯ.

ಮೊದಲ ಆಯ್ಕೆ ಬೀಟಾ ಬ್ಲಾಕರ್ ಗುಂಪಿನ ಗುಳಿಗೆಗಳು. ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ಲ್ಯಾಕ್ ಅವರು ರೂಪಿಸಿದ ಪ್ರೊಪ್ರನೊಲಾಲ್ ಔಷಧವು 1960ರ ದಶಕದಲ್ಲೇ ಈ ರೋಗಿಗಳಿಗೆ ನೀಡಲ್ಪಟ್ಟಿತು; ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಇಂದು ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್, ಪ್ರೊಪ್ರನೊಲಾಲ್ ಇವುಗಳಲ್ಲಿ ಒಂದನ್ನು ಕೊಡುತ್ತಾರೆ. ಕಡಿಮೆ ಪ್ರಮಾಣದಿಂದ ಆರಂಭಿಸಿ, ನಾಡಿ ಮತ್ತು ರಕ್ತದೊತ್ತಡ ನೋಡುತ್ತ ಏರಿಸುತ್ತಾರೆ. ಆಯಾಸ, ಕೈಕಾಲು ತಣ್ಣಗಾಗುವುದು, ನಿದ್ರೆಯ ತೊಂದರೆ ಕೆಲವರಲ್ಲಿ ಕಾಣುತ್ತದೆ. ಅಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಹಿತವಲ್ಲ. ಅಸ್ತಮಾ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಇಳಿದಾಗ ಕಾಣುವ ಎದೆಬಡಿತದಂಥ ಸೂಚನೆಯನ್ನು ಈ ಗುಳಿಗೆ ಮರೆಮಾಚುತ್ತದೆ. ಪುಟ್ಟ ಮಕ್ಕಳು ಊಟ ಬಿಟ್ಟಿದ್ದರೆ ಸಕ್ಕರೆ ಇಳಿಯುವ ಅಪಾಯವೂ ಇದೆ.

ಈ ಗುಂಪಿನ ಗುಳಿಗೆಗಳನ್ನು ಥಟ್ಟನೆ ನಿಲ್ಲಿಸಬಾರದು. ಗುಳಿಗೆ ಮುಗಿದು ಹೋಯಿತು, ಮೈ ಹಗುರಾಯಿತು, ಜಾತ್ರೆಗೆ ಹೋಗಿದ್ದೆವು ಎಂಬ ಕಾರಣಗಳಿಗೆ ನಾಲ್ಕು ದಿನ ಬಿಟ್ಟರೆ ತಗ್ಗಿದ್ದ ಬಡಿತ ಒಮ್ಮೆಗೇ ಹೆಚ್ಚಿ ತೊಂದರೆ ಕೊಡಬಹುದು. ಗುಳಿಗೆ ಹತ್ತು ದಿನಕ್ಕೆ ಸಾಕಾಗುವಷ್ಟು ಉಳಿದಿರುವಾಗಲೇ ಮುಂದಿನದನ್ನು ತಂದಿಟ್ಟುಕೊಳ್ಳುವುದು ಒಳ್ಳೆಯದು. ಇವು ಹೆಚ್ಚಿನವು ಕಡಿಮೆ ಬೆಲೆಯವು. ಜನೌಷಧಿ ಕೇಂದ್ರಗಳಲ್ಲಿಯೂ ಮೂಲನಾಮದಲ್ಲಿ ಕೇಳಬಹುದು.

ಎರಡನೆಯ ಮತ್ತು ಮೂರನೆಯ ಮೆಟ್ಟಿಲು

ಬೀಟಾ ಬ್ಲಾಕರ್ ಒಗ್ಗದಿದ್ದರೆ ಅಥವಾ ಸಾಲದಿದ್ದರೆ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಕೊಡುತ್ತಾರೆ. ಇವು ಕ್ಯಾಲ್ಸಿಯಂ ತಡೆಯುವ ಔಷಧಗಳಲ್ಲಿ ಹೃದಯದ ಬಡಿತವನ್ನು ತಗ್ಗಿಸುವ ಬಗೆಯವು. ವೆರಪಮಿಲ್‌ನಿಂದ ಮಲಬದ್ಧತೆ ಬರುವುದು ಸಾಮಾನ್ಯ. ತಡೆ ತೀವ್ರವಾಗಿದ್ದು ಕುಳಿತಲ್ಲೇ ದಮ್ಮು ಬರುವವರಿಗೆ, ರಕ್ತದೊತ್ತಡ ಬಹಳ ಕಡಿಮೆ ಇರುವವರಿಗೆ ಇದು ಅಪಾಯಕಾರಿ; ಆರು ವಾರದೊಳಗಿನ ಹಸುಗೂಸಿಗೆ ವೆರಪಮಿಲ್ ಕೊಡಬಾರದು. ಬೀಟಾ ಬ್ಲಾಕರ್ ಮತ್ತು ವೆರಪಮಿಲ್ ಒಟ್ಟಿಗೆ ಸೇರಿದರೆ ನಾಡಿ ತೀರ ನಿಧಾನವಾಗಬಹುದು. ರಾಯಚೂರಿನ ವೈದ್ಯರು ಒಂದನ್ನು, ಮಹಬೂಬ್‌ನಗರದ ವೈದ್ಯರು ಇನ್ನೊಂದನ್ನು ಬರೆದು, ಮನೆಯಲ್ಲಿ ಎರಡನ್ನೂ ನುಂಗುವಂಥ ಪ್ರಸಂಗ ಬಾರದಂತೆ ನೋಡಿಕೊಳ್ಳಬೇಕು.

ತಡೆಯುಳ್ಳ ರೋಗದಲ್ಲಿ ಮೇಲಿನವು ಸಾಲದಾದಾಗ ಡೈಸೊಪಿರಮೈಡ್ ಎಂಬ ಔಷಧವನ್ನು ಅವುಗಳ ಜೊತೆಗೆ ಸೇರಿಸುವ ಕ್ರಮವಿದೆ. ಬಾಯಿ ಒಣಗುವುದು, ಮೂತ್ರ ಕಟ್ಟುವುದು ಇದರ ಅಡ್ಡ ಪರಿಣಾಮಗಳು. ಇಸಿಜಿಯಲ್ಲಿನ ಕ್ಯೂಟಿ ಅಂತರವನ್ನು ಇದು ಹಿಗ್ಗಿಸುವುದರಿಂದ ಇಸಿಜಿ ನೋಡಿಕೊಂಡೇ ಕೊಡಬೇಕಾಗುತ್ತದೆ. ಇದು ಹೃದ್ರೋಗ ತಜ್ಞರ ಕೈಯಲ್ಲಿಯೇ ಇರತಕ್ಕ ಔಷಧ.

ತಡೆಯಿಲ್ಲದ ರೋಗದಲ್ಲಿಯೂ ದಮ್ಮು, ಎದೆನೋವು ಇದ್ದರೆ ಬೀಟಾ ಬ್ಲಾಕರ್, ವೆರಪಮಿಲ್, ಡಿಲ್ಟಿಯಾಜೆಮ್ ಇವೇ ಮೊದಲು ಬರುತ್ತವೆ. ಶರೀರದಲ್ಲಿ ನೀರು ಸೇರಿದ್ದರೆ ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಎಚ್ಚರದಿಂದ ಸೇರಿಸುತ್ತಾರೆ.

ಹೊಸ ಔಷಧಗಳು

ಸ್ನಾಯುವಿನ ಮಯೊಸಿನ್ ಎಂಬ ಪ್ರೋಟೀನಿನ ಅತಿಯಾದ ಸೆಳೆತವನ್ನೇ ತಗ್ಗಿಸುವ ಔಷಧಗಳು ಈಚೆಗೆ ಬಂದಿವೆ. ಇವುಗಳಲ್ಲಿ ಮೊದಲನೆಯದು ಮಾವಕಾಮ್ಟೆನ್. ತಡೆಯುಳ್ಳ ರೋಗದ 251 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಎಕ್ಸ್‌ಪ್ಲೋರರ್ ಎಂಬ ಪರೀಕ್ಷೆಯಲ್ಲಿ, ಔಷಧ ಪಡೆದವರಲ್ಲಿ ಶೇ. 37 ಮಂದಿ ನಿಗದಿಪಡಿಸಿದ ಸುಧಾರಣೆಯನ್ನು ಕಂಡರು. ಹುಸಿಗುಳಿಗೆ ಪಡೆದವರಲ್ಲಿ ಈ ಪ್ರಮಾಣ ಶೇ. 17. ಅಮೆರಿಕದಲ್ಲಿ 2022ರ ಏಪ್ರಿಲ್‌ನಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇದೇ ಬಗೆಯ ಅಫಿಕಾಮ್ಟೆನ್ ಕೂಡ ಫಲಕಾರಿ ಎಂದು 2024ರ ಸಿಕೋಯಾ ಪರೀಕ್ಷೆ ತೋರಿಸಿತು. 2025ರಲ್ಲಿ ಪ್ರಕಟವಾದ ಮೇಪಲ್ ಪರೀಕ್ಷೆಯಲ್ಲಿ ಅಫಿಕಾಮ್ಟೆನ್ ಪಡೆದವರ ಶ್ರಮಶಕ್ತಿಯು ಮೆಟೊಪ್ರೊಲಾಲ್ ಪಡೆದವರದಕ್ಕಿಂತ ಹೆಚ್ಚು ಸುಧಾರಿಸಿತು. ಅದೇ ವರ್ಷ, ತಡೆಯಿಲ್ಲದ ರೋಗದಲ್ಲಿ ಮಾವಕಾಮ್ಟೆನ್ ತನ್ನ ಗುರಿಯನ್ನು ಮುಟ್ಟಲಿಲ್ಲ ಎಂಬುದೂ ತಿಳಿದುಬಂತು.

ಈ ಔಷಧಗಳಿಗೆ ಒಂದು ಗಂಭೀರ ಮಿತಿಯಿದೆ. ಸೆಳೆತವನ್ನು ತಗ್ಗಿಸುವಾಗ ಹೃದಯ ದೂಡುವ ಶಕ್ತಿಯೇ ಕುಂದಬಹುದು. ಆ ಶಕ್ತಿ, ಅಂದರೆ ಎಕೋ ವರದಿಯ ಇಎಫ್, ಶೇ. 50ಕ್ಕಿಂತ ಕೆಳಗಿಳಿದರೆ ಮಾವಕಾಮ್ಟೆನ್ ಅನ್ನು ನಿಲ್ಲಿಸಬೇಕು. ಆದ್ದರಿಂದ ಆರಂಭದ ತಿಂಗಳುಗಳಲ್ಲಿ ಮೇಲಿಂದ ಮೇಲೆ ಎಕೋ ಬೇಕು. ಶರೀರದಲ್ಲಿ ಇದನ್ನು ಕರಗಿಸುವ ಕಿಣ್ವವೊಂದು ದಕ್ಷಿಣ ಏಷ್ಯಾದ ಗಣನೀಯ ಜನರಲ್ಲಿ ಹುಟ್ಟಿನಿಂದಲೇ ಮಂದವಾಗಿರುವುದರಿಂದ ಪ್ರಮಾಣದ ನಿರ್ಧಾರವೂ ಸೂಕ್ಷ್ಮ. ದೂರದ ಊರಿನಿಂದ ಪದೇ ಪದೇ ಎಕೋಗೆ ಬರಲು ಸಾಧ್ಯವೇ ಎಂಬುದನ್ನು ಆಲೋಚಿಸಿಯೇ ಇದಕ್ಕೆ ಒಪ್ಪಬೇಕು. ಹಳೆಯ ಗುಳಿಗೆಯಿಂದಲೇ ನೆಮ್ಮದಿಯಾಗಿರುವವರು ಹೊಸದು ಬಂದಿದೆಯೆಂದು ಅದನ್ನು ಬಿಡಬೇಕಾದುದಿಲ್ಲ.

ನಾಡಿಯ ಲಯ ತಪ್ಪಿದಾಗ

ಈ ರೋಗದಲ್ಲಿ ಹೃತ್ಕರ್ಣಗಳು ಅಡ್ಡಾದಿಡ್ಡಿಯಾಗಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಸ್ಥಿತಿ ಬರುವುದುಂಟು. ಆಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಅದು ಮೆದುಳಿಗೆ ಹರಿದು ಪಾರ್ಶ್ವವಾಯು ಆಗಬಹುದು. ಬೇರೆಯವರಲ್ಲಿ ವಯಸ್ಸು, ಸಕ್ಕರೆ ಕಾಯಿಲೆ ಮುಂತಾದವನ್ನು ಅಂಕವಾಗಿ ಕೂಡಿಸಿ ರಕ್ತ ತೆಳುಮಾಡುವ ಔಷಧ ಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ. ಈ ರೋಗಿಗಳಿಗೆ ಆ ಲೆಕ್ಕಾಚಾರವಿಲ್ಲದೆಯೇ ಔಷಧವನ್ನು ಸೂಚಿಸುತ್ತಾರೆ. ಅಪಿಕ್ಸಬಾನ್, ರಿವರೊಕ್ಸಬಾನ್, ಡಾಬಿಗಟ್ರಾನ್ ಅಥವಾ ವಾರ್ಫರಿನ್ ಬಳಕೆಯಲ್ಲಿವೆ. ವಾರ್ಫರಿನ್ ತೆಗೆದುಕೊಳ್ಳುವವರು ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ನಿಯಮಿತವಾಗಿ ಮಾಡಿಸಿ, ಅದು 2ರಿಂದ 3ರೊಳಗೆ ಇರುವಂತೆ ನೋಡಿಕೊಳ್ಳಬೇಕು. ಆಸ್ಪಿರಿನ್ ಇದಕ್ಕೆ ಬದಲಿಯಾಗಲಾರದು. ಲಯವನ್ನು ಸರಿಪಡಿಸಲು ಅಮಿಯೊಡರೋನ್ ಮುಂತಾದವನ್ನು ತಜ್ಞರು ಬಳಸುತ್ತಾರೆ. ಅದಕ್ಕೆ ಥೈರಾಯ್ಡ್ ಮತ್ತು ಯಕೃತ್ತಿನ ಪರೀಕ್ಷೆಗಳು ಬೇಕು.

ದೂರವಿಡಬೇಕಾದ ಔಷಧಗಳು

ತಡೆಯುಳ್ಳ ರೋಗದವರು ಈ ಭಾಗವನ್ನು ಎರಡು ಸಲ ಓದಬೇಕು. ರಕ್ತನಾಳಗಳನ್ನು ಹಿಗ್ಗಿಸುವ ಅಥವಾ ಶರೀರದ ನೀರನ್ನು ಕಳೆಯುವ ಔಷಧಗಳು ಹೃದಯದ ಕೋಣೆಯನ್ನು ಬರಿದು ಮಾಡುತ್ತವೆ. ಕೋಣೆ ಬರಿದಾದಷ್ಟೂ ಗೋಡೆಗಳು ಹತ್ತಿರ ಬಂದು ದಾರಿ ಇನ್ನಷ್ಟು ಕಿರಿದಾಗುತ್ತದೆ. ಆಗ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪಬಹುದು. ಅಂಥವುಗಳಲ್ಲಿ ಮುಖ್ಯವಾದವು ಇವು:

— ಎದೆನೋವಿಗೆ ನಾಲಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮತ್ತು ನೈಟ್ರೇಟ್ ಗುಂಪಿನ ಇತರ ಗುಳಿಗೆಗಳು.
— ರಕ್ತದೊತ್ತಡಕ್ಕೆ ಕೊಡುವ ಅಮ್ಲೊಡಿಪಿನ್, ನಿಫೆಡಿಪಿನ್.
— ಎನಲಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಮುಂತಾದವು.
— ಮೂತ್ರ ಹೆಚ್ಚಿಸುವ ಗುಳಿಗೆಗಳ ಹೆಚ್ಚಿನ ಪ್ರಮಾಣ.
— ಹೃದಯದ ಬಿರುಸನ್ನು ಹೆಚ್ಚಿಸುವ ಡಿಗಾಕ್ಸಿನ್.
— ಸಿಲ್ಡೆನಾಫಿಲ್ ಮತ್ತು ಅದರ ಜಾತಿಯ ಗುಳಿಗೆಗಳು.

ಇವು ಕೆಟ್ಟ ಔಷಧಗಳಲ್ಲ. ರಕ್ತನಾಳ ಕಟ್ಟಿದವರಿಗೆ, ಸಾಮಾನ್ಯ ರಕ್ತದೊತ್ತಡದವರಿಗೆ ಇವು ಜೀವ ಉಳಿಸುತ್ತವೆ. ಈ ರೋಗದಲ್ಲಿಯೂ ಹೃದಯದ ಶಕ್ತಿ ಕುಂದಿ ಇಎಫ್ ಶೇ. 50ಕ್ಕಿಂತ ಕೆಳಗೆ ಹೋದವರಿಗೆ ಇವುಗಳಲ್ಲಿ ಕೆಲವನ್ನು ತಜ್ಞರೇ ಕೊಡುತ್ತಾರೆ. ಆಗ ವೆರಪಮಿಲ್‌ನಂಥವನ್ನು ನಿಲ್ಲಿಸುತ್ತಾರೆ. ಆದ್ದರಿಂದ ಈಗ ಇವುಗಳಲ್ಲಿ ಒಂದನ್ನು ಸೇವಿಸುತ್ತಿರುವವರು ಈ ಲೇಖನ ಓದಿ ತಾವೇ ನಿಲ್ಲಿಸಬಾರದು. ಚೀಟಿಯನ್ನು ವೈದ್ಯರಿಗೆ ತೋರಿಸಿ ಕೇಳಬೇಕು. ಆದರೆ ರಾತ್ರಿ ವೇಳೆ ಎದೆನೋವೆಂದು ಊರಿನ ಆರ್‌ಎಂಪಿಯವರ ಬಳಿಗೆ ಹೋದಾಗ, "ನನಗೆ ಹೃದಯದ ಗೋಡೆ ದಪ್ಪಗಾದ ರೋಗವಿದೆ, ದಾರಿಯಲ್ಲಿ ತಡೆಯಿದೆ" ಎಂಬ ಮಾತನ್ನು ಮೊದಲು ಹೇಳಬೇಕು. ನೆರೆಮನೆಯವರ ಗುಳಿಗೆಯನ್ನು ಬಾಯಿಗೆ ಹಾಕಬಾರದು.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲೂ, ವಾಂತಿಭೇದಿಯೂ, ನೀರು ಸಹ ಕುಡಿಯದ ಉಪವಾಸವೂ ಇದೇ ಬಗೆಯ ಕೇಡನ್ನು ತರುತ್ತವೆ. ನೀರು, ಮಜ್ಜಿಗೆ, ಓಆರ್‌ಎಸ್ ಇವು ಈ ರೋಗಿಗಳಿಗೆ ಪಥ್ಯವೇ ಹೌದು.

ಔಷಧದಿಂದ ಆಗದ ಕೆಲಸ

ಗುಳಿಗೆಗಳು ಲಕ್ಷಣವನ್ನು ತಗ್ಗಿಸುತ್ತವೆ. ಹಠಾತ್ ಸಾವನ್ನು ತಡೆಯುತ್ತವೆ ಎಂಬುದಕ್ಕೆ ಆಧಾರವಿಲ್ಲ. ಹೆಚ್ಚಿನ ರೋಗಿಗಳು ದೀರ್ಘಕಾಲ ಬಾಳುತ್ತಾರೆಂಬುದು ನಿಜ. ಆದರೂ ಅಪಾಯ ಹೆಚ್ಚಿರುವ ಕೆಲವರನ್ನು ಗುರುತಿಸಬೇಕಾಗುತ್ತದೆ. ಮನೆಯಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತಾಗಿ ತೀರಿಕೊಂಡಿರುವುದು, ಕಾರಣ ತಿಳಿಯದ ಮೂರ್ಛೆ, 30 ಮಿ.ಮೀ. ಅಥವಾ ಅದಕ್ಕೂ ದಪ್ಪವಾದ ಗೋಡೆ, ಹೋಲ್ಟರ್‌ನಲ್ಲಿ ಕಂಡ ಅಪಾಯಕಾರಿ ಲಯ ಇವು ಮುಖ್ಯ ಸೂಚನೆಗಳು. ಇಂಥವರಿಗೆ ಎದೆಯಲ್ಲಿ ಅಳವಡಿಸುವ ಐಸಿಡಿ ಎಂಬ ಸಾಧನವನ್ನು ಸೂಚಿಸುತ್ತಾರೆ. ಲಯ ಕೆಟ್ಟಾಗ ಅದು ತಾನೇ ವಿದ್ಯುತ್ ಆಘಾತ ನೀಡಿ ಹೃದಯವನ್ನು ಸರಿದಾರಿಗೆ ತರುತ್ತದೆ.

ಔಷಧದಿಂದ ತಡೆ ತಗ್ಗದಿದ್ದರೆ ನಡುಗೋಡೆಯ ಉಬ್ಬನ್ನು ಶಸ್ತ್ರಚಿಕಿತ್ಸೆಯಿಂದ ಕೆತ್ತಿ ತೆಗೆಯುವ ಮಯೆಕ್ಟಮಿ, ಅಥವಾ ಅದಕ್ಕೆ ರಕ್ತ ಒದಗಿಸುವ ಚಿಕ್ಕ ನಾಳಕ್ಕೆ ಆಲ್ಕೋಹಾಲ್ ಹನಿಸಿ ಉಬ್ಬನ್ನು ಕುಗ್ಗಿಸುವ ವಿಧಾನ ಇದೆ. ಎರಡನೆಯದನ್ನು ಉಲ್ರಿಚ್ ಸಿಗ್ವಾರ್ಟ್ 1994ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದರು. ಎರಡನ್ನೂ ಪಳಗಿದ ಕೈಗಳಿರುವ ದೊಡ್ಡ ಆಸ್ಪತ್ರೆಯಲ್ಲಿಯೇ ಮಾಡಿಸಿಕೊಳ್ಳಬೇಕು.

ಶಾಲೆ, ಆಟ, ಗರ್ಭಾವಸ್ಥೆ

ಈ ರೋಗವಿರುವ ಮಗುವನ್ನು ಮೂಲೆಯಲ್ಲಿ ಕೂರಿಸುವ ಕಾಲ ಹೋಗಿದೆ. ನಡಿಗೆ, ಹಗುರವಾದ ಆಟ, ಮಧ್ಯಮ ಪ್ರಮಾಣದ ವ್ಯಾಯಾಮ ಹೆಚ್ಚಿನವರಿಗೆ ಒಳ್ಳೆಯದೆಂದೇ ಇಂದಿನ ಮಾರ್ಗಸೂಚಿಗಳು ಹೇಳುತ್ತವೆ. ಕಬಡ್ಡಿ, ಓಟದ ಪಂದ್ಯದಂಥ ಬಿರುಸಿನ ಸ್ಪರ್ಧೆಗಳ ವಿಷಯವನ್ನು ಹೃದ್ರೋಗ ತಜ್ಞರೊಡನೆ ಕುಳಿತು ತೀರ್ಮಾನಿಸಬೇಕು. ಆ ತೀರ್ಮಾನವನ್ನು ಮುಖ್ಯೋಪಾಧ್ಯಾಯರಿಗೂ ದೈಹಿಕ ಶಿಕ್ಷಕರಿಗೂ ಬರಹದಲ್ಲಿ ಕೊಡಬೇಕು. ಮಗು ಕುಸಿದುಬಿದ್ದು ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಈ ಕೌಶಲವನ್ನು ಪ್ರತಿ ಶಾಲೆಯಲ್ಲಿ ಇಬ್ಬರಾದರೂ ಕಲಿತಿರುವುದು ಎಲ್ಲ ಮಕ್ಕಳಿಗೂ ರಕ್ಷೆ.

ಗರ್ಭಿಣಿಯಾಗುವ ಮುನ್ನವೇ ಔಷಧಗಳನ್ನು ತಜ್ಞರಿಂದ ಪರಿಶೀಲಿಸಿಕೊಳ್ಳಬೇಕು. ಮೆಟೊಪ್ರೊಲಾಲ್‌ನಂಥವನ್ನು ನಿಗಾದಲ್ಲಿ ಮುಂದುವರಿಸಬಹುದು; ಅಟೆನೊಲಾಲ್ ಮಗುವಿನ ಬೆಳವಣಿಗೆಯನ್ನು ಕುಂಠಿಸಬಹುದೆಂದು ತಪ್ಪಿಸುತ್ತಾರೆ; ಮಾವಕಾಮ್ಟೆನ್ ಸಲ್ಲದು; ವಾರ್ಫರಿನ್ ಬಗ್ಗೆ ವಿಶೇಷ ಎಚ್ಚರ ಬೇಕು. ಸರಿಯಾದ ನಿಗಾ ಇದ್ದರೆ ಹೆಚ್ಚಿನ ಮಹಿಳೆಯರ ಹೆರಿಗೆ ಸುಸೂತ್ರವಾಗಿ ಆಗುತ್ತದೆ.

ಮನೆಮಂದಿಯ ತಪಾಸಣೆ

ತಂದೆ ಅಥವಾ ತಾಯಿಗೆ ದೋಷಯುಕ್ತ ಜೀನ್ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇ. 50. ಗಂಡು, ಹೆಣ್ಣು ಎಂಬ ಭೇದವಿಲ್ಲ. ಸೋದರಮಾವನ ಅಥವಾ ಸೋದರತ್ತೆಯ ಮನೆಯಿಂದ ಹೆಣ್ಣು ತರುವ ಪದ್ಧತಿ ನಮ್ಮ ಭಾಗದಲ್ಲಿದೆ. ಒಂದೇ ಮೂಲದ ದೋಷವು ಗಂಡ ಹೆಂಡಿರಿಬ್ಬರಲ್ಲೂ ಇದ್ದರೆ ಮಗುವಿಗೆ ಎರಡೂ ಕಡೆಯಿಂದ ಬಂದು ರೋಗ ಚಿಕ್ಕ ವಯಸ್ಸಿನಲ್ಲೇ ತೀವ್ರವಾಗಬಹುದು. ಅಂಥ ಮನೆಗಳಲ್ಲಿ ಮದುವೆಯ ಮಾತಿಗೆ ಮುನ್ನ ತಪಾಸಣೆ ಆಗುವುದು ಲೇಸು.

ಒಬ್ಬರಲ್ಲಿ ರೋಗ ಖಚಿತವಾದ ಕೂಡಲೇ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಇಸಿಜಿ ಮತ್ತು ಎಕೋ ಮಾಡಿಸಬೇಕು. ಒಮ್ಮೆ ಸರಿಯಿದೆ ಎಂದರೆ ಮುಗಿಯಿತು ಎಂದಲ್ಲ. ಹರೆಯದಲ್ಲಿ ಗೋಡೆ ದಪ್ಪಗಾಗಲು ತೊಡಗುವುದುಂಟು. ಮಕ್ಕಳು ಮತ್ತು ಹದಿಹರೆಯದವರಿಗೆ 1ರಿಂದ 3 ವರ್ಷಕ್ಕೊಮ್ಮೆ, ವಯಸ್ಕರಿಗೆ 3ರಿಂದ 5 ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ರೋಗಿಯ ಜೀನ್ ಪರೀಕ್ಷೆಯಲ್ಲಿ ದೋಷ ಖಚಿತವಾಗಿ ತಿಳಿದರೆ, ಅದಿಲ್ಲದ ಬಂಧುಗಳು ಈ ಸರಣಿ ತಪಾಸಣೆಯಿಂದ ಮುಕ್ತರಾಗುತ್ತಾರೆ. "ಊಟ ಮಾಡಿ ಮಲಗಿದವನು ಏಳಲಿಲ್ಲ" ಎಂದು ಹಿರಿಯರು ಹೇಳುವ ಹಳೆಯ ಸಾವುಗಳನ್ನೂ ವೈದ್ಯರಿಗೆ ತಿಳಿಸಬೇಕು.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವಿನ ಮೂರ್ಛೆಯನ್ನೂ ಮನೆತನದ ಇತಿಹಾಸವನ್ನೂ ಹೇಳುವುದು ಮೊದಲ ಹೆಜ್ಜೆ. ಇಸಿಜಿಯನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಬಹುದು. ತಜ್ಞರ ಸಲಹೆಗೆ ಹೈದರಾಬಾದಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆ, ಅಂದರೆ ನಿಮ್ಸ್, ಇದೆ. ಅಲ್ಲಿ ಹೃದ್ರೋಗ ವಿಭಾಗದ ಜೊತೆಗೆ ಆನುವಂಶಿಕ ರೋಗಗಳ ವಿಭಾಗವೂ ಉಂಟು. ಕನ್ನಡದಲ್ಲಿಯೇ ಮಾತನಾಡಬಯಸುವವರಿಗೆ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆ ಹತ್ತಿರದ ದೊಡ್ಡ ಕೇಂದ್ರ.

ತೆಲಂಗಾಣದ ಆರೋಗ್ಯಶ್ರೀ ಯೋಜನೆಯ ಮಿತಿಯನ್ನು 2023ರ ಡಿಸೆಂಬರ್‌ನಲ್ಲಿ 10 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಕರ್ನಾಟಕದ ಆಸ್ಪತ್ರೆಗೆ ಹೋಗುವವರು ತಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ಆ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಕೊನೆಯದಾಗಿ, ಅಂಗೈಯಗಲದ ಒಂದು ಕಾರ್ಡನ್ನು ಸಿದ್ಧಮಾಡಿ ರೋಗಿಯ ಜೇಬಿನಲ್ಲಿ ಇಡಬೇಕು. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬರೆದರೆ ಗಡಿಯ ಯಾವ ಬದಿಯಲ್ಲಾದರೂ ಓದಬಹುದು. ಮೂರೂ ಲಿಪಿಗಳನ್ನು ಕಲಿಯುವ ನಮ್ಮ ಶಾಲೆಯ ಮಕ್ಕಳೇ ಇದನ್ನು ಬರೆದುಕೊಡಬಲ್ಲರು. ಅದರಲ್ಲಿ ಇರಬೇಕಾದದ್ದು:

1. ರೋಗದ ಹೆಸರು, ತಡೆ ಇದೆಯೇ ಇಲ್ಲವೇ.
2. ಕೊನೆಯ ಎಕೋದ ದಿನಾಂಕ, ಗೋಡೆಯ ದಪ್ಪ, ಇಎಫ್.
3. ಈಗ ತೆಗೆದುಕೊಳ್ಳುವ ಔಷಧಗಳ ಮೂಲನಾಮ, ಪ್ರಮಾಣ, ಹೊತ್ತು.
4. ವೈದ್ಯರು ಬೇಡವೆಂದ ಔಷಧಗಳು.
5. ಅಸ್ತಮಾ, ಸಕ್ಕರೆ ಕಾಯಿಲೆ ಮುಂತಾದ ಇತರ ತೊಂದರೆಗಳು.
6. ಮನೆಯಲ್ಲಿ ತಪಾಸಣೆಯಾದವರು, ಬಾಕಿ ಉಳಿದವರು.

ಔಷಧ ಬದಲಾದಾಗಲೆಲ್ಲ ಹಳೆಯ ಕಾರ್ಡನ್ನು ಹರಿದು ಹೊಸದನ್ನು ಬರೆಯಬೇಕು. ಆರನೆಯ ಸಾಲಿನಲ್ಲಿ ಬಾಕಿ ಉಳಿದವರ ಹೆಸರು ಒಂದೂ ಇಲ್ಲವೆಂದಾದ ದಿನ ಆ ಮನೆಯು ತನ್ನ ಪಾಲಿನ ಕೆಲಸವನ್ನು ಮಾಡಿದಂತೆ.